ಪಿನಾಂಗಿನಲ್ಲಿ ಕೋತಿ ಸೋವಿ

ಇದನ್ನು ಓದಿ ನೀವು ನನ್ನನ್ನು ಸುಳ್ಳುಬುರುಕಿ ಅನ್ನುತ್ತೀರಿ. ಅನ್ನಿ. ನಮ್ಮ ಬೀದಿಯಲ್ಲಿ ಅರ್ಧ ಜನ ಆಗಲೇ ಹಾಗನ್ನುತ್ತಾರೆ, ಉಳಿದರ್ಧ ಜನಕ್ಕೆ ನಾನಿನ್ನೂ ಏನೂ ಹೇಳಿಲ್ಲ. ಆದರೆ ಎಂಬತ್ತೈದನೇ ಇಸವಿಯ ಬೇಸಿಗೆ ರಜೆಯಲ್ಲಿ, ಕೊಯಮತ್ತೂರಿನ ನಮ್ಮ ಮನೆಯ ನಡುಮನೆಯಲ್ಲಿ ಕೂತು, ಪರದೇಶದಲ್ಲಿ ದಿನಾ ರಾತ್ರಿ ಕೋತಿ ತಿಂದರೆ ತಿಂಗಳಿಗೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದು ನಿಜ. ಹಾಕಿದವಳು ನಾನೇ.

ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ಆ ವರ್ಷ ಮಿಲ್ಲಿನಿಂದ ರಿಟೈರ್ ಆಗುವವರಿದ್ದರು. ಜೀವಮಾನವೆಲ್ಲ ಹತ್ತಿಯ ಧೂಳಿನಲ್ಲೇ ನಿಂತವರು. ಅವರು ಒಮ್ಮೆ ಚೆನ್ನಾಗಿ ಕೆಮ್ಮಿದರೆ ತಲೆದಿಂಬಿಗಾಗುವಷ್ಟು ಹತ್ತಿ ಸಿಗುತ್ತದೆ ಎಂದು ನಾನು ಶಾಲೆಯಲ್ಲಿ ಹೇಳಿಟ್ಟಿದ್ದೆ. ಸಮುದ್ರದ ಗಾಳಿ ಒಳ್ಳೆಯದು ಎಂದು ಡಾಕ್ಟರು ಅವರಿಗೆ ಹೇಳಿದರು. ಅದೇ ಸಮಯಕ್ಕೆ ದೊಡ್ಡಮ್ಮನ ತಮ್ಮ, ಮಲೇಷಿಯಾದ ಪಿನಾಂಗಿನಲ್ಲಿ ಸೀರೆ ಅಂಗಡಿ ಇಟ್ಟವರು, ಅಂಗಡಿಯ ಮೇಲಿನ ರೂಮು ಖಾಲಿಯಿದೆ, ಇಬ್ಬರೂ ಬಂದು ಇದ್ದುಬಿಡಿ ಎಂದು ಹೇಳಿಕಳಿಸಿದರು. ಕಿಟಕಿ ತೆಗೆದರೆ ಸಮುದ್ರವಂತೆ. ಅಂದಿನಿಂದ ದೊಡ್ಡಪ್ಪನಿಗೆ ಬೇರೆ ಮಾತೇ ಇಲ್ಲ.

ದೊಡ್ಡಮ್ಮ ಒಂದೇ ಷರತ್ತು ಹಾಕಿದರು. "ರೂಮು ತಮ್ಮಂದು, ಸೆರಿ. ಅನ್ನ ನಮ್ದು ಆಗ್ಬೇಕು. ಅವ್ನ ಹೆಂಡ್ತಿ ಮುಂದೆ ನಾನು ಒಂದು ಲೋಟ ಅಕ್ಕಿಗೆ ನಿಲ್ಲಕ್ಕಿಲ್ಲ. ನಿಮ್ಮ ರಿಟೈರ್ ದುಡ್ಡಿನ ಬಡ್ಡೀಲಿ ಅಲ್ಲಿ ಸಾಮಾನು ಆಗುತ್ತಾ, ಲೆಕ್ಕ-ಕಣಕ್ಕು ಹಾಕಿ ತೋರ್ಸಿ. ಆಗುತ್ತೆ ಅಂದ್ರೆ ಬರ್ತೀನಿ."

ಪಾಸ್‌ಪೋರ್ಟು, ಹಡಗು, ಪೊಲೀಸು ಎಲ್ಲ ಆಮೇಲೆ. ಮೊದಲು ತೊಗರಿಬೇಳೆ.

ಈಗ ನನ್ನ ಗೋಳು ಕೇಳಿ. ನಾವು ಏಳು ಜನ, ಒಲೆ ಒಂದು. ಅದರಲ್ಲಿ ದೊಡ್ಡಪ್ಪ ದೊಡ್ಡಮ್ಮ ತಿನ್ನುವುದು ಎಷ್ಟು ಎಂದು ದೇವರಿಗೂ ಗೊತ್ತಿಲ್ಲ. ಅದಕ್ಕೆ ದೊಡ್ಡಪ್ಪ ಅಮ್ಮನ ನೂಲು ತೂಗುವ ತಕ್ಕಡಿಯನ್ನು ಅಡಿಗೆಮನೆಗೆ ತಂದರು. ಲೆಕ್ಕದಲ್ಲಿ ಜಾಣೆ ಎಂದು ಊರೆಲ್ಲ ಸಾರಿಕೊಂಡ ತಪ್ಪಿಗೆ ಬರೆದುಕೊಳ್ಳುವ ಕೆಲಸ ನನ್ನ ತಲೆಗೆ ಬಂತು. ಒಂದು ತಿಂಗಳು ನಮ್ಮ ಮನೆಯಲ್ಲಿ ಸಾಸಿವೆ ಕೂಡ ತಕ್ಕಡಿ ಹತ್ತದೆ ಎಣ್ಣೆಗೆ ಬೀಳಲಿಲ್ಲ. ಒಗ್ಗರಣೆ ಕರಿಯಾಗಿ, ಹೊಗೆಯಾಗಿ, ಪಕ್ಕದ ಮನೆಯವರು ಬಂದು ಏನು ಸುಡುತ್ತಿದೆ ಎಂದು ಕೇಳಿ ಹೋಗುತ್ತಿದ್ದರು.

"ಕಾಫಿ ದಿನಕ್ಕೆ ಎಷ್ಟು ಕುಡೀತೀರಿ ದೊಡ್ಡಮ್ಮ?"

"ಎರಡು."

"ಈಗ ಕೈಲಿರೋದು?"

"ಇದು ಕಾಫಿ ಅಲ್ಲ ನನ್ ಕಣ್ಣು, ತಲೆನೋವಿಗೆ."

ಮಗ್ಗದ ಗುಂಡಿಯಲ್ಲಿ ಕೂತು ನೇಯುತ್ತಿದ್ದ ಅಮ್ಮ ಲಾಳಿ ನಿಲ್ಲಿಸದೆ ಹೇಳಿದಳು: "ಬರ್ಕೋ. ತಲೆನೋವು, ದಿನಕ್ಕೆ ಮೂರು ಲೋಟ."

ಅಸ್ಕದ ವಿಷಯಕ್ಕಂತೂ ಯುದ್ಧವೇ ಆಯಿತು. ನಮ್ಮ ಕಡೆ ಬಿಳಿ ಸಕ್ಕರೆಗೆ ಅಸ್ಕ ಅನ್ನುತ್ತಾರೆ. ದೊಡ್ಡಪ್ಪ ತಾನು ಅಸ್ಕ ಮುಟ್ಟುವುದೇ ಇಲ್ಲ ಎಂದು ಬರೆಸಿದರು. ಮಧ್ಯಾಹ್ನ ಡಬ್ಬದ ಹತ್ತಿರ ಅವರನ್ನು ಹಿಡಿದವಳು ನಾನು. "ಇರುವೆ ಇದಿಯಾ ಅಂತ ನೋಡ್ತಿದ್ದೆ" ಅಂದರು. ತುಟಿಯ ಮೇಲೆ ಇನ್ನೂ ಅಸ್ಕವಿತ್ತು. ಇರುವೆ ಅಲ್ಲೇ ಬಂದರೂ ಬರಬಹುದಿತ್ತು.

ಕೊನೆಗೂ ಇಬ್ಬರ ಪಾಲು ಎಷ್ಟೆಂಬುದು ಒಂದು ತೀರ್ಮಾನಕ್ಕೆ ಬಂತು. ಇನ್ನು ಬೇಕಾದದ್ದು ಪಿನಾಂಗಿನ ಬೆಲೆ. ಬರೆದು ಕಳಿಸಪ್ಪಾ ಎಂದು ದೊಡ್ಡಮ್ಮನ ತಮ್ಮನನ್ನು ಕೇಳಿದ್ದೆವು. ಒಂದು ಶನಿವಾರ ಮಧ್ಯಾಹ್ನ ಕಾಗದ ಬಂತು.

ಇಲ್ಲಿ ಒಂದು ಮಾತು ಹೇಳಬೇಕು. ತಲೆಮಾರುಗಳಿಂದ ತಮಿಳುನಾಡಿನಲ್ಲೇ ಇರುವ ನಮ್ಮ ಜನಕ್ಕೆ ಕನ್ನಡ ಬಾಯಲ್ಲಿದೆ, ಕೈಯಲ್ಲಿಲ್ಲ. ನಾನು ಕನ್ನಡ ಅಕ್ಷರ ಕಲಿತದ್ದು ಆಮೇಲೆ, ಅದೂ ಜಂಬಕ್ಕೆ. ಮನೆಯವರಿಗೆ ಕಾಗದ ಬರೆಯುವಾಗ ಕನ್ನಡದ ಮಾತನ್ನು ತಮಿಳು ಅಕ್ಷರದಲ್ಲಿ ಬರೆಯುವುದೇ ರೂಢಿ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ತ, ದ ಎರಡಕ್ಕೂ ಒಂದೇ. ಯಾವುದು ಯಾವುದೆಂದು ಓದುವವರು ಊಹಿಸಿಕೊಳ್ಳಬೇಕು. ನಾನು ಗಂಟಲು ಸರಿಮಾಡಿಕೊಂಡು, ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಶುರುಮಾಡಿದೆ.

"ಅಕ್ಕಿ ಕಿಲೋ ಒಂದು ವೆಳ್ಳಿ. ಬೇಳೆ ಎರಡು ವೆಳ್ಳಿ."

"ವೆಳ್ಳಿ ಅಂದ್ರೆ?" ದೊಡ್ಡಮ್ಮ ಕೇಳಿದರು.

"ಬೆಳ್ಳಿ," ಅಂದರು ದೊಡ್ಡಪ್ಪ. "ಬೆಳ್ಳಿಕಾಸು. ನಮ್ಮಪ್ಪನ ಕಾಲ್ದಲ್ಲಿ ರೂಪಾಯಿ ಬೆಳ್ಳೀದೇ ಅಲ್ವಾ. ಅಲ್ಲಿ ಇನ್ನೂ ಅಂಗೇ ಹೇಳ್ತಾರೆ. ನೋಡು, ಇಲ್ಲಿ ಅಕ್ಕಿ ನಾಲ್ಕು ರೂಪಾಯಿ, ಅಲ್ಲಿ ಒಂದು. ಮುಂದೆ ಓದು ಕಣ್ಣು."

ನಾನು ಓದಿದೆ: "ಇಲ್ಲಿ ಕೋತಿ ಬಹಳ ಸೋವಿ, ಕಿಲೋ ಅರ್ಧ ವೆಳ್ಳಿ. ರಾತ್ರಿಗೆ ನಮಗೆ ದಿನಾ ಕೋತಿಯೇ. ಒಡೆದು ನುಚ್ಚು ಮಾಡಿದ್ದೂ ಅಂಗಡಿಯಲ್ಲಿ ಸಿಗುತ್ತದೆ."

ಅಮ್ಮ ಲಾಳಿ ಕೈಯಲ್ಲೇ ಹಿಡಿದು ಗುಂಡಿಯಿಂದ ಕತ್ತೆತ್ತಿದಳು.

"ಇನ್ನೊಂದು ಸಲ ಓದು," ಅಂದರು ದೊಡ್ಡಮ್ಮ. ಓದಿದೆ. ಈ ಸಲ ನುಚ್ಚು ಅನ್ನುವಲ್ಲಿ ಇನ್ನಷ್ಟು ಒತ್ತಿ ಓದಿದೆ.

"ನಮ್ಮ ಮನೇಲಿ ಮೊಟ್ಟೆ ಕೂಡ ಮುಟ್ಟದ ಹುಡುಗ," ಎಂದು ದೊಡ್ಡಮ್ಮ ಸೆರಗು ಬಾಯಿಗಿಟ್ಟುಕೊಂಡರು. "ಆ ಹೆಂಗ್ಸು ಅವ್ನನ್ನ ಏನ್ ಮಾಡ್ಬಿಟ್ಲು. ನಾನು ಬರಕ್ಕಿಲ್ಲ."

ದೊಡ್ಡಪ್ಪನ ಮುಖ ಇಳಿದುಹೋಯಿತು. ಆದರೆ ಸಮುದ್ರ ಸುಮ್ಮನೆ ಬಿಡುತ್ತದೆಯೇ? ಅವರು ಮೆತ್ತಗೆ ನನ್ನ ಕಡೆ ಬಾಗಿದರು. "ನಾವು ತಿನ್ನಕ್ಕಿಲ್ಲ. ಸುಮ್ನೆ ಕೇಳ್ತೀನಿ. ರಾತ್ರಿ ಅಕ್ಕಿ ಬಿಟ್ಟು ಅದನ್ನ ಹಾಕಿದ್ರೆ ತಿಂಗಳಿಗೆ ಎಷ್ಟು ಮಿಗುತ್ತೆ?"

ನಾನು ಹಾಕಿದೆ. ಚೆನ್ನಾಗಿಯೇ ಮಿಗುತ್ತಿತ್ತು.

"ಏನುಂಗ, ಕೋತಿಗೆ ಕಣಕ್ಕಾ?" ದೊಡ್ಡಮ್ಮ ಗಂಡನ ಕಡೆ ತಿರುಗಿ ಎದ್ದೇ ನಿಂತರು. "ನಾಳೆ ಮೆಟ್ಟುಪಾಳ್ಯಕ್ಕೆ ಹೋಗಿ, ಬೆಟ್ಟದ ಕೆಳಗೆ ಬೇಕಾದಷ್ಟಿವೆ, ಸುಮ್ನೆ ಸಿಗುತ್ತೆ. ಪಿನಾಂಗು ಯಾಕೆ?"

ಆಗ ಅಮ್ಮ ಮಗ್ಗದಿಂದ ಕೂಗಿದಳು. "ಗೋದಿ ಕಣೇ, ಗೋದಿ. ಒಡೆದ ಗೋದಿ. ಕೋತಿ ಅಂತೆ ಕೋತಿ. ಸ್ಕೂಲಿಗೆ ಕಳ್ಸಿದ್ದು ಇದಕ್ಕಾ?"

ನಾನು ಕಾಗದವನ್ನು ಮತ್ತೆ ನೋಡಿದೆ. ಗೋದಿ ಎಂದೂ ಓದಬಹುದಿತ್ತು. ಅಕ್ಷರದ ತಪ್ಪು, ನನ್ನದಲ್ಲ ಎಂದು ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ದೊಡ್ಡಮ್ಮ ನಗುತ್ತಿದ್ದರು, ಅಳುತ್ತಲೂ ಇದ್ದರು. ದೊಡ್ಡಪ್ಪ ಮಾತ್ರ ಕೂಡಿಸುತ್ತಾ ಹೋದರು. ಅಕ್ಕಿ, ಬೇಳೆ, ಎಣ್ಣೆ, ಗೋದಿ, ತಲೆನೋವಿನ ಕಾಫಿ. ಕೊನೆಗೆ ನನ್ನ ಕೈಲಿ ಮೊತ್ತ ಓದಿಸಿದರು. ಖರ್ಚು ಬಡ್ಡಿಯ ಅರ್ಧಕ್ಕಿಂತ ಚೂರು ಕಮ್ಮಿಯೇ ಇತ್ತು.

ದೊಡ್ಡಮ್ಮ ಬಹಳ ಹೊತ್ತು ಆ ಹಾಳೆಯನ್ನು ನೋಡಿದರು. ಓದಲು ಬರದಿದ್ದರೂ ನೋಡಿದರು. "ಸೆರಿ," ಅಂದರು. "ಬರ್ತೀನಿ. ಆದ್ರೆ ಉಪ್ಪಿನಕಾಯಿ ಇಲ್ಲಿಂದ್ಲೇ."

ದೊಡ್ಡಪ್ಪ ಎದ್ದು ಹೋಗಿ ನಮ್ಮ ಮನೆಯ ಕಿಟಕಿ ತೆಗೆದು ನಿಂತರು. ಎದುರಿಗೆ ಇದ್ದದ್ದು ಪಕ್ಕದವರ ಗೋಡೆ. ಅದನ್ನೇ ನೋಡುತ್ತಾ ಜೋರಾಗಿ ಉಸಿರೆಳೆದರು, ಕೆಮ್ಮು ಕೂಡ ಬರಲಿಲ್ಲ.

ಅಷ್ಟರಲ್ಲಿ ಅಪ್ಪ ಬಂದ. ತಿರುಪ್ಪೂರಿನಲ್ಲಿ ಪರದೇಶಕ್ಕೆ ಬನಿಯನ್ ಕಳಿಸುವ ಕಂಪನಿಯೊಂದರಲ್ಲಿ ಅವನ ಕೆಲಸ. ವಾರವೆಲ್ಲ ಅಲ್ಲೇ ಇದ್ದು ಶನಿವಾರ ಸಾಯಂಕಾಲ ಮನೆಗೆ ಬಂದು ಉಂಡು ಮಲಗುವವನು. ಈ ಪುರಾಣ ಯಾವುದೂ ಅವನ ಕಿವಿಗೆ ಸರಿಯಾಗಿ ಬಿದ್ದಿರಲಿಲ್ಲ. ಚಪ್ಪಲಿ ಬಿಡುತ್ತಾ ನನ್ನ ಕೈಯಲ್ಲಿದ್ದ ಹಾಳೆ ಈಸಿಕೊಂಡು ನೋಡಿದ.

"ಏನಣ್ಣ ಇದು, ಎಲ್ಲಾ ರೂಪಾಯಿ ಅಂತ ಬರ್ದಿದೆ. ಪಿನಾಂಗಿನ ಬೆಲೆ ಅಲ್ವಾ?"

"ಅಲ್ಲಿ ವೆಳ್ಳಿ ಅಂತಾರೆ. ಅದೂ ಒಂದೇ, ಇದೂ ಒಂದೇ."

"ಒಂದೇ ಎಲ್ಲಣ್ಣ. ವೆಳ್ಳಿ ಅಂದ್ರೆ ಆ ಊರಿನ ಡಾಲರು. ನಮ್ಮ ಕಂಪನಿ ಬಿಲ್ಲಲ್ಲಿ ನೋಡ್ತೀನಲ್ಲ. ಒಂದು ವೆಳ್ಳಿಗೆ ನಮ್ಮ ಐದು ರೂಪಾಯಿ."

ದೊಡ್ಡಪ್ಪ ಕಿಟಕಿಯಿಂದ ತಿರುಗಿದರು.

"ಐದಾ?"

"ಐದು."

"ಗೋದಿಗೂ ಐದಾ?"

"ಗೋದಿಗೂ ಐದೇ ಅಣ್ಣ," ಎಂದು ಹೇಳಿ ಅಪ್ಪ ಕಾಲು ತೊಳೆಯಲು ಹಿತ್ತಲಿಗೆ ಹೋದ.