ಹೆಸರು ದೇವರಿಗೆ ಗೊತ್ತು

ಮಂಜುಳಾ, ನಿನ್ನ ಅಕ್ಕ ಯಾರಿಗೂ ಹೇಳಲಿಲ್ಲ. ಹೇಳಿದವಳು ನಾನು.

ಇಷ್ಟು ಬರೆಯುವುದಕ್ಕೆ ಎಷ್ಟೋ ವರ್ಷ ಹಿಡಿಯಿತು. ಆಗ ಅಂಗನವಾಡಿಗೆ ಹೋಗುತ್ತಿದ್ದ ನಿನ್ನ ಮಗಳು ಈಗ ಹೈಸ್ಕೂಲು. ಹಡಗಲಿ ಕಡೆಯ ಇಟ್ಟಿಗಿಯಲ್ಲಿ, ಸೋದರತ್ತೆಯ ಮನೆಯಲ್ಲಿ ಬೆಳೆದಳು — ನಿನ್ನ ಮಡಿಲಲ್ಲಿ ಅಲ್ಲ. ಅದಕ್ಕೂ ಕಾರಣ ನಾನೇ.

ಆ ವರ್ಷ ನಾನು ಕ್ರೈಸ್ತ ಆಪ್ತಸಮಾಲೋಚನೆಯ ಡಿಗ್ರಿಗೆ ಸೇರಿದ್ದೆ. ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮದೊಂದು ತಗಡಿನ ಚಾವಣಿಯ ಸಭೆ, ಅದರ ಪಾಸ್ಟರ್ ಹೆಂಡತಿ ನಾನು. ಚಾಪೆ ಹಾಸುವುದು, ಹಾಡು ಹೇಳಿಕೊಡುವುದು, ಬಂದವರಿಗೆ ಚಹ ಕಾಸುವುದು — ಅಲ್ಲಿಯವರೆಗೆ ನನ್ನ ಸೇವೆ ಅಷ್ಟೇ ಆಗಿತ್ತು. ಈಗ ಅಂಚೆಯಲ್ಲಿ ಪುಸ್ತಕ, ಫೋನಿನಲ್ಲಿ ಪಾಠ. ಎದುರಿನವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು, ತಲೆಯಾಡಿಸಬೇಕು, ಅವರ ಮನಸ್ಸಿನಲ್ಲಿದ್ದದ್ದನ್ನು ಅವರಿಗೇ ತಿರುಗಿಸಿ ಹೇಳಬೇಕು. ಇದನ್ನೆಲ್ಲ ಮೊದಲು ನಮ್ಮ ಮನೆಯವರ ಮೇಲೆಯೇ ಪ್ರಯೋಗ ಮಾಡಿ ಬೈಸಿಕೊಂಡೆ. "ಊಟಕ್ಕ ಏನೈತಿ ಅಂದ್ರ, ನಿಮಗ ಹಸಿವಾದಂಗ ಕಾಣ್ತೈತಿ ಅಂತೀಯಲ್ಲ, ಏನಾಗೈತಿ ನಿನಗ?" ಅಂದಿದ್ದರು. ಡಿಗ್ರಿ ಇನ್ನೂ ಕೈಗೆ ಬಂದಿರಲಿಲ್ಲ, ತಲೆಗೆ ಮಾತ್ರ ಏರಿತ್ತು.

ನೀನು ಬಂದದ್ದು ಆ ದಿನಗಳಲ್ಲಿ. ಶಾಲೆಯ ಬಿಸಿಯೂಟದ ಕೆಲಸ ಮುಗಿಸಿ, ಸೆರಗಿನಲ್ಲಿ ಇನ್ನೂ ಸಾರಿನ ವಾಸನೆ ಇಟ್ಟುಕೊಂಡು, ನಮ್ಮ ಅಡುಗೆಮನೆಯ ನೆಲದ ಮೇಲೆ ಕೂತೆ. ಗಂಡ ಹೊಡೆದ ಗುರುತು ತೋರಿಸಿದೆ. ಕೊಟ್ಟೂರಿನ ತವರಿನಲ್ಲಿ ನಿನಗೆ ತಾಯಿ ಇರಲಿಲ್ಲ; ಹರಪನಹಳ್ಳಿಗೆ ಕೊಟ್ಟಿದ್ದ ಅಕ್ಕ ಹುಲಿಗೆಮ್ಮನೇ ತಾಯಿ. ಅವಳು ಅಲ್ಲಿ ನಿನಗೊಂದು ಕೋಣೆ ನೋಡಿದ್ದಳು, ತಾನು ದುಡಿಯುವ ಮೆಕ್ಕೆಜೋಳದ ಗೋದಾಮಿನಲ್ಲೇ ನಿನಗೂ ಕೆಲಸ ಕೇಳಿದ್ದಳು. ಅತ್ತೆ ಸಂತೆಗೆ ಹೋದ ದಿನ ಮಗಳನ್ನು ಎತ್ತಿಕೊಂಡು ಬಸ್ ಹತ್ತಿಬಿಡಬೇಕು ಅಂತ ನೀನು ಗಟ್ಟಿ ಮಾಡಿಕೊಂಡಿದ್ದೆ. ನನ್ನಿಂದ ಬೇಕಾಗಿದ್ದದ್ದು ಒಂದೇ ಉತ್ತರ.

"ಗಂಡನ್ನ ಬಿಟ್ಟು ಹೋದ್ರ ದೇವರು ಸಿಟ್ಟಾಗ್ತಾನೇನ್ರೀ ಪಾಸ್ಟರಮ್ಮ?"

ನಾನು ಹೋಗು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ತಲೆಯಾಡಿಸಿದೆ. "ಯಾರ ಮುಂದೂ ಅನಬ್ಯಾಡ್ರಿ" ಅಂತ ನೀನು ನನ್ನ ಕೈ ಹಿಡಿದುಕೊಂಡಾಗ, "ಇಲ್ಲಿ ಹೇಳಿದ್ದು ಇಲ್ಲೇ ಇರ್ತೈತಿ, ಮಂಜುಳಾ" ಅಂದೆ. ಪುಸ್ತಕದಲ್ಲಿ ಹಾಗೆಯೇ ಹೇಳಬೇಕು ಅಂತ ಇತ್ತು.

ನಮ್ಮ ಶುಕ್ರವಾರದ ಉಪವಾಸ ಪ್ರಾರ್ಥನೆಗೆ ನೀನು ಬರುತ್ತಿರಲಿಲ್ಲ, ಅದು ನಿನ್ನ ಕೆಲಸದ ಹೊತ್ತು. ಅಲ್ಲಿ ಹಾಡು, ಬೈಬಲ್ ವಾಕ್ಯ ಆದ ಮೇಲೆ ಒಬ್ಬೊಬ್ಬರೇ ಎದ್ದು ಪ್ರಾರ್ಥನೆಯ ವಿಷಯ ಹೇಳುತ್ತೇವೆ — ಜ್ವರ, ಮಕ್ಕಳ ಪರೀಕ್ಷೆ, ನೀರು ಬೀಳದ ಬೋರು. ಮುಚ್ಚಿಡುವ ವಿಷಯವಾದರೆ "ಹೆಸರು ದೇವರಿಗೆ ಗೊತ್ತು" ಅನ್ನುವುದು ರೂಢಿ. ಅಷ್ಟು ಸಣ್ಣ ಸಭೆಯಲ್ಲಿ ಆ ಹೆಸರು ದೇವರಿಗಿಂತ ಮೊದಲು ಚಾಪೆಯ ಮೇಲೆ ಕೂತವರಿಗೆ ಗೊತ್ತಾಗಿರುತ್ತದೆ. ಅದು ನನಗೂ ಗೊತ್ತಿತ್ತು.

ಆ ಶುಕ್ರವಾರ ಎದ್ದು ನಿಂತೆ. "ಒಬ್ಬ ಸಹೋದರಿ, ಹೆಸರು ದೇವರಿಗೆ ಗೊತ್ತು, ಗಂಡನ್ನ ಬಿಟ್ಟು ಕೂಸಿನ್ನ ಕರ್ಕೊಂಡು ಹರಪನಹಳ್ಳಿಗೆ ಹೋಗಬೇಕಂತ ಮಾಡ್ಯಾಳ. ದೇವರು ಆಕಿಗೆ ದಾರಿ ತೋರಿಸ್ಲಿ."

ನಿನ್ನ ಅತ್ತೆ ಮುಂದಿನ ಸಾಲಿನಲ್ಲೇ ಕೂತಿದ್ದರು.

ನೋಡಲಿಲ್ಲ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ — ಸುಳ್ಳು. ನೋಡಿದ್ದೆ. ಬಾಯಿ ಆಗಲೇ ತೆರೆದಿತ್ತು, ಆದರೂ... ಮುಚ್ಚಬಹುದಿತ್ತು. ಊರಿನ ಹೆಸರಾದರೂ ಯಾಕೆ ಬೇಕಿತ್ತು? ದೇವರಿಗೆ ಬಸ್ಸಿನ ಬೋರ್ಡು ಓದಿ ಹೇಳಬೇಕಿತ್ತೇನು? ನಿಜ ಇಷ್ಟೇ — ಜನ ತಮ್ಮ ಗುಟ್ಟನ್ನು ತಂದು ನನ್ನ ಮುಂದೆ ಬಿಚ್ಚುತ್ತಾರೆ, ಪಾಸ್ಟರ್ ಮುಂದಲ್ಲ, ನನ್ನ ಮುಂದೆ — ಅನ್ನುವುದು ಆ ಹೆಂಗಸರಿಗೆ ತಿಳಿಯಬೇಕಿತ್ತು. ಎಲ್ಲರೂ "ಸ್ತೋತ್ರ, ಸ್ತೋತ್ರ" ಅಂದರು. ನನಗೆ ಹಿತವಾಯಿತು. ಛೀ.

ಮರುದಿನ ಬೆಳಿಗ್ಗೆಯೇ ನಿನ್ನ ಮೈದುನ ಮಗಳನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೋಗಿ ಇಟ್ಟಿಗಿಯಲ್ಲಿ ಬಿಟ್ಟು ಬಂದ. ಗಂಡ ನಿನ್ನ ಕೈ ಮುರಿದ. ಮಗಳಿಲ್ಲದೆ ನೀನು ಎಲ್ಲಿಗೂ ಹೋಗುವವಳಲ್ಲ ಅಂತ ಅವರಿಗೆ ಗೊತ್ತಿತ್ತು. ಯಾರು ಹೇಳಿದರು ಅಂತ ಕೇಳಿದ್ದಕ್ಕೆ ನಿನ್ನ ಅತ್ತೆ, "ನಿಮ್ಮಕ್ಕನ್ನ ಕೇಳು" ಅಂದರಂತೆ. ಅಕ್ಕನ ಮನೆಯ ದಾರಿಯನ್ನೂ ಮುಚ್ಚುವುದಕ್ಕೆ ಆಡಿದ ಮಾತು ಅದು. ಸಭೆಯ ಹೆಂಗಸರು ಪಾಸ್ಟರಮ್ಮನ ಮರ್ಯಾದೆ ಅಂತ ಬಾಯಿ ಬಿಡಲಿಲ್ಲ.

ಕೈಗೆ ಪಟ್ಟಿ ಕಟ್ಟಿಸಿಕೊಂಡು ನೀನು ಮತ್ತೆ ಬಂದೆ — ನನ್ನ ಹತ್ತಿರಕ್ಕೇ. "ಒಡಹುಟ್ಟಿದಾಕಿನೇ ಹಿಂಗ ಮಾಡಿದ್ಲಲ್ರೀ" ಅಂತ ನನ್ನ ಮಡಿಲಲ್ಲಿ ತಲೆಯಿಟ್ಟು ಬಿಕ್ಕಿದೆ. ಆಗ ಹೇಳಬೇಕಿತ್ತು. ನಾನು ಅಂದದ್ದು ಬೇರೆ.

"ಆಕಿನ್ನ ಕ್ಷಮಿಸಿಬಿಡು, ಮಂಜುಳಾ."

ನಿನ್ನ ಬೆನ್ನು ಸವರುತ್ತ ಅಂದೆ. ಹುಲಿಗೆಮ್ಮ ನಮ್ಮ ಸಭೆಯವಳಲ್ಲ, ಊರಮ್ಮನಿಗೆ ಹರಕೆ ಹೊರುವವಳು, ಅವಳ ತಲೆಗೆ ಬಂದರೆ ಬರಲಿ — ಹಾಗೂ ಯೋಚಿಸಿದೆ. ಅದೇ ತಿಂಗಳು ಪರೀಕ್ಷೆಯಲ್ಲಿ, ಕೇಳಿದ್ದನ್ನು ಗುಟ್ಟಾಗಿಡುವುದು ಹೇಗೆ ಅನ್ನುವ ಪ್ರಶ್ನೆಗೆ ಪುಟಗಟ್ಟಲೆ ಬರೆದೆ. ಒಳ್ಳೆಯ ಅಂಕ ಬಂತು.

ಒಂದು ಕ್ರಿಸ್‌ಮಸ್‌ಗೆ ಹುಲಿಗೆಮ್ಮ ಸಭೆಯ ಬಾಗಿಲವರೆಗೆ ಬಂದಿದ್ದಳು, ನಿನಗೊಂದು ಸೀರೆ ಹಿಡಿದುಕೊಂಡು. ನೀನು ಮುಖ ತಿರುಗಿಸಿ ಹೋದೆ. ಅವಳು ನನ್ನ ಹತ್ತಿರ ಬಂದು, "ನೀವಾರ ಹೇಳ್ರಿ ಅಮ್ಮಾ, ನಾ ಯಾರ ಮುಂದೂ ತುಟಿ ಬಿಚ್ಚಿಲ್ಲ" ಅಂದಳು. "ಪ್ರಾರ್ಥನಿ ಮಾಡ್ತೀನಿ" ಅಂದೆ. ಚಹ ಕೊಟ್ಟು ಕಳಿಸಿದೆ.

ಹೋದ ತಿಂಗಳು ಅವಳು ತೀರಿಕೊಂಡಳು. ಸಕ್ಕರೆ ಕಾಯಿಲೆ ಕಿಡ್ನಿಗೆ ಬಂದಿತ್ತಂತೆ. ನೀನು ಮಣ್ಣಿಗೆ ಹೋಗಲಿಲ್ಲ. ಅವತ್ತೂ ಶಾಲೆಯಲ್ಲಿ ಸೌಟು ಹಿಡಿದು ನಿಂತಿದ್ದೆಯಂತೆ. ಕಳೆದ ಭಾನುವಾರ ಎಲ್ಲರೂ ಹೋದ ಮೇಲೆ, ಚಾಪೆ ಸುತ್ತುತ್ತ ನೀನು ಕೇಳಿದೆ — "ನಾ ಆಕಿನ್ನ ಮನಸ್ಸಿನಿಂದ ಕ್ಷಮಿಸ್ಲಿಲ್ರೀ. ಅದಕ್ಕ ದೇವರು ನನ್ನ ಕೇಳ್ತಾನೇನ್ರೀ ಪಾಸ್ಟರಮ್ಮ?"

ಅಯ್ಯೋ, ಆಗಲೂ ತಲೆಯಾಡಿಸಿದೆ ಮಂಜುಳಾ! ಅಭ್ಯಾಸ. ನೀನು ಅದನ್ನು ಹೌದು ಅಂತಲೇ ತಿಳಿದು ಹೋದೆ. ಅವಳು ಏನೂ ಮಾಡಿರಲಿಲ್ಲ. ಕ್ಷಮಿಸುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಶುಕ್ರವಾರ ಎದ್ದು ನಿಂತು ಎಲ್ಲರ ಮುಂದೆ ಒಪ್ಪಿಕೊಳ್ಳೋಣ ಅಂದುಕೊಂಡೆ. ಆಮೇಲೆ ನನ್ನನ್ನು ನಾನೇ ಬೈದುಕೊಂಡೆ. ಮತ್ತೆ ನಿನ್ನ ಗುಟ್ಟನ್ನೇ ಹತ್ತು ಜನರ ಮುಂದೆ ಹರಡಿದಂತೆ. ಮೇಲಾಗಿ "ಎಂಥಾ ದೀನತಿ ನಮ್ಮ ಪಾಸ್ಟರಮ್ಮಂದು" ಅಂತ ಹೊಗಳಿಕೆ ಬೇರೆ. ಬೇಡ. ನಾಳೆ ನೀನು ಪಾತ್ರೆ ತೊಳೆದಿಟ್ಟು ಹೊರಗೆ ಬರುವ ಹೊತ್ತಿಗೆ ಶಾಲೆಯ ಗೇಟಿನ ಹತ್ತಿರ ನಿಂತಿರುತ್ತೇನೆ. ಈ ಕಾಗದ ಕೊಟ್ಟು ತಪ್ಪಿಸಿಕೊಳ್ಳದೆ, ನಿನ್ನೊಬ್ಬಳಿಗೇ, ಬಾಯಿಬಿಟ್ಟು ಹೇಳುತ್ತೇನೆ. ಬೈಯಿ, ಉಗಿ, ಊರಿಗೆಲ್ಲ ಸಾರು. ಮಗಳ ಆ ವರ್ಷಗಳನ್ನು, ಅಕ್ಕನ ಮುಖವನ್ನು ನಾನು ತಂದುಕೊಡಲಾರೆ.

ಕ್ಷಮಿಸು ಅಂತ ಮಾತ್ರ ನಿನ್ನನ್ನು ಕೇಳುವುದಿಲ್ಲ. ಆ ಮಾತನ್ನು ಒಮ್ಮೆ ನಿನ್ನ ಬೆನ್ನು ಸವರುತ್ತ ಆಡಿ ಕೆಡಿಸಿದ್ದೇನೆ.