ಅರ್ಧಕ್ಕೆ ನಿಂತ ಅರ್ಜಿ

ಬೀದರಿನಲ್ಲಿ ಕೂತು ಸರ್ವರ್ ನೋಡಿಕೊಳ್ಳುತ್ತೇನೆ ಎಂದರೆ ನಂಬದವರೇ ಹೆಚ್ಚು. ‘ಇಷ್ಟ್ ಕಲ್ತು ಇಲ್ಲೇ ಯಾಕ ಕುಂತೀ?’ ಎಂದು ನೌಬಾದದ ನಮ್ಮ ಓಣಿಯಲ್ಲಿ ಕೇಳದವರಿಲ್ಲ. ಕೂತದ್ದಕ್ಕೆ ನನಗೆ ಆಗಲೂ ನಾಚಿಕೆ ಇರಲಿಲ್ಲ, ಈಗಲೂ ಇಲ್ಲ. ಒಂದು ಜಿಲ್ಲಾ ಕಚೇರಿಯ ಹಿಂದಿನ ಕೋಣೆಯಲ್ಲಿ ಗುತ್ತಿಗೆಯ ಕೆಲಸ. ಕೋಣೆಯಲ್ಲಿ ಒಂದೇ ಎಸಿ ಇದ್ದದ್ದು ಯಂತ್ರಗಳಿಗೆ, ನನಗಲ್ಲ.

ಎರಡು ವರ್ಷ ಸಾಲಾಗಿ ಮಳೆ ಕೈಕೊಟ್ಟಿತ್ತು. ದೀಪಾವಳಿ ಮುಗಿಯುತ್ತಲೇ ಔರಾದ, ಕಮಲನಗರದ ಕಡೆಯ ಹಳ್ಳಿಗಳಿಂದ ಲಾರಿಗಳು ಜನರನ್ನು ತುಂಬಿಕೊಂಡು ಮಹಾರಾಷ್ಟ್ರದ ಕಬ್ಬಿನ ಸೀಮೆಗೆ ಹೊರಡುತ್ತಿದ್ದವು. ಗಂಡ ಹೆಂಡತಿ ಕಬ್ಬು ಕಡಿಯಲಿಕ್ಕೆ. ಹತ್ತು ದಾಟಿದ ಮಗಳು ಜೊತೆಗೆ ಹೋದರೆ ಕೂಸು ಆಡಿಸಲಿಕ್ಕೆ, ನೀರು ಹೊರಲಿಕ್ಕೆ, ಕಡೆಗೆ ಕಡಿಯಲಿಕ್ಕೂ. ಹಾಗೆ ಹೋದ ಹುಡುಗಿ ತಿರುಗಿ ಶಾಲೆಯ ಮೆಟ್ಟಿಲು ಹತ್ತಿದ್ದನ್ನು ನಾನಂತೂ ಕಂಡಿಲ್ಲ. ಅಂಥ ಮಕ್ಕಳಿಗೆಂದು ಕಬ್ಬು ಕಡಿಯುವ ಆರು ತಿಂಗಳು ವಸತಿನಿಲಯ ತೆರೆಯುತ್ತಿದ್ದರು. ಹೆಸರು ಹಚ್ಚುವುದು ಕಂಪ್ಯೂಟರಿನಲ್ಲಿ, ಕೊನೆಗೆ ತಾಯಿಯದೋ ತಂದೆಯದೋ ಹೆಬ್ಬೆಟ್ಟು ಬೀಳಬೇಕು. ಹೆಬ್ಬೆಟ್ಟು ಕೊಡುವವರು ಲಾರಿ ಹತ್ತಿಬಿಟ್ಟರೆ ಅರ್ಜಿ ಅಲ್ಲಿಗೆ ಮುಗಿಯಿತು.

ಆ ಅರ್ಜಿಗಳೆಲ್ಲ ಬಂದು ಸೇರುತ್ತಿದ್ದದ್ದು ನನ್ನ ಕೋಣೆಗೆ. ಅಪ್ಲಿಕೇಶನ್ ಸರ್ವರ್ ಎಂದರೆ ಗಾಬರಿಯಾಗಬೇಕಿಲ್ಲ. ತಾಲೂಕಿನ ಆಪರೇಟರು ಮುಂದೆ ಕೂತು ಟೈಪ್ ಮಾಡುತ್ತಾರೆ, ಹಿಂದೆ ದಫ್ತರದಲ್ಲಿ ದಾಖಲೆ ಇರುತ್ತದೆ. ನಡುವೆ ನಿಂತು, ಯಾರ ಕೆಲಸ ಎಲ್ಲಿಗೆ ಬಂತು ಎಂದು ನೆನಪಿಟ್ಟುಕೊಂಡು ನಡೆಸುವುದು ಅದು. ನಮ್ಮದು ಜಾವಾದ ಹಳೆಯ ಸರ್ವರ್, ನೆನಪು ಮೊದಲೇ ಕಮ್ಮಿ. ಔರಾದದಲ್ಲಿ ಇಂಟರ್ನೆಟ್ಟಿನ ಲೈನ್ ಹೋಯಿತೆಂದರೆ ಅರ್ಧ ತುಂಬಿದ ಅರ್ಜಿಯೂ ಹೋಯಿತು. ದಿನಕ್ಕೊಂದು ಸಲ ನಾನೇ ಅದನ್ನು ಬಂದ್ ಮಾಡಿ ಚಾಲೂ ಮಾಡಬೇಕಿತ್ತು. ಆಗಲೂ ಎಲ್ಲರ ಅರ್ಜಿ ಹೋಯಿತು.

ಆ ಹಂಗಾಮಿಗೆ ಹೊಸ ವರ್ಷನ್ ಬಂತು. ಜೊತೆಗೆ ಹೊಸ ಸೌಲಭ್ಯಗಳ ಒಂದು ಉದ್ದ ಪಟ್ಟಿ, ಎಲ್ಲ ಇಂಗ್ಲಿಷಿನಲ್ಲಿ. ನಾನು ಅದನ್ನು ಹಸಿದವರು ಉಂಡ ಹಾಗೆ ಓದಿದೆ. ಬಂದ್ ಮಾಡದೆಯೇ ತಿದ್ದುಪಡಿ ಹಾಕಬಹುದು. ಎರಡು ಯಂತ್ರ ಸೇರಿ ಭಾರ ಹಂಚಿಕೊಳ್ಳುತ್ತವೆ, ಒಂದು ಬಿದ್ದರೆ ಇನ್ನೊಂದು ನಡೆಸುತ್ತದೆ. ಎಲ್ಲಕ್ಕಿಂತ ದೊಡ್ಡದು, ಲೈನ್ ಹೋದರೂ ಅರ್ಧ ತುಂಬಿದ ಅರ್ಜಿ ಹೋಗುವುದಿಲ್ಲ, ಬಿಟ್ಟಲ್ಲಿಂದ ತೆಗೆದುಕೊಳ್ಳಬಹುದು. ನಮ್ಮ ಅರ್ಜಿಯನ್ನೂ ಅದಕ್ಕೆ ಹೊಂದಿಸಿದ್ದರು, ಒಂದೇ ಮಗುವಿನ ಹೆಸರು ಎರಡು ಸಲ ಬಂದರೆ ಎರಡನೆಯದನ್ನು ತಳ್ಳಿಹಾಕುವಂತೆ. ಖುಷಿಯಿಂದ ಕಣ್ಣಲ್ಲಿ ನೀರು ಬಂತು ಎಂದರೆ ನಗಬೇಡಿ. ಎಲ್ಲವನ್ನೂ ಪರೀಕ್ಷಿಸಿ ಹಾಕಿದೆ. ತಾಲೂಕಿನವರಿಗೆ ಮಾತ್ರ ಆ ಇಂಗ್ಲಿಷ್ ಪಟ್ಟಿಯನ್ನೇ ಮೇಲ್ ಮಾಡಿ ಕೈತೊಳೆದುಕೊಂಡೆ. ಆ ತಪ್ಪು ನನ್ನದು.

ಹೆಸರು ಹಚ್ಚುವ ಕೊನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಔರಾದದಿಂದ ಫೋನು. ಅಲ್ಲಿಯ ಆಪರೇಟರು ನನಗಿಂತ ಹಿರಿಯ ಹೆಂಗಸು, ಎಷ್ಟೋ ವರ್ಷದಿಂದ ಅದೇ ಕುರ್ಚಿಯಲ್ಲಿದ್ದವರು.

“ಮೇಡಮ್, ಈ ಹೊಸಾದು ಏನ್ ಹಚ್ಚೀರಿ? ಯಾರ್ದೂ ಅರ್ಜಿ ತಗೋವಲ್ದು. ಹೆಸರ್ ಆಗ್ಲೇ ಅದ ಅಂತ ತೋರಸ್ತದ. ಜನ ನನ್ನ ಮ್ಯಾಲ ಬರ್ಲಾಕ ಹತ್ಯಾರ.”

ಎರಡು ಮಾತಿನಲ್ಲಿ ನನಗೆ ತಿಳಿದುಹೋಯಿತು. ಬೆಳಗಿನಿಂದ ಲೈನ್ ಹೋಗಿ ಬಂದು ಮಾಡಿತ್ತು. ಲೈನ್ ಬಂದ ಕೂಡಲೇ ಆಕೆ ವರ್ಷಗಳಿಂದ ಮಾಡಿದ್ದನ್ನೇ ಮಾಡಿದ್ದರು, ಮೊದಲಿನಿಂದ ಹೊಸ ಅರ್ಜಿ ಬರೆದಿದ್ದರು. ಹಾಲಿನಿಂದ ಬಾಯಿ ಸುಟ್ಟವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಸರ್ವರ್ ಮೊದಲಿನ ಅರ್ಧವನ್ನು ಜೋಪಾನವಾಗಿ ಇಟ್ಟುಕೊಂಡು, ಎರಡನೆಯದನ್ನು ತಳ್ಳುತ್ತಿತ್ತು.

“ಅಕ್ಕೋರೆ, ಹೊಸಾದು ಬರೀಬ್ಯಾಡ್ರಿ. ಹಳೇದು ಅಲ್ಲೇ ಅದ. ಕೆಳಗಿನ ನೀಲಿ ಬಟನ್ ಒತ್ರಿ.”

“ಒತ್ತಿದ ಮ್ಯಾಲ ಇದ್ದದ್ದೂ ಹೋದ್ರ? ಇವ್ರಿಗಿ ಜವಾಬ್ ಯಾರ್ ಕೊಡ್ತಾರ? ನಾ ಒತ್ತಂಗಿಲ್ಲರಿ. ನೀವೇ ಬರ್ರಿ. ಒಬ್ಬಾಕಿ ಇಲ್ಲಿ ಹೊಸ್ತಿಲ ಮ್ಯಾಲ ಕುಂತಾಳ. ನಾಕಕ್ಕ ಆಕಿ ಲಾರಿ ಹೋಗ್ತದಂತ. ಮಗಳ ಹೆಸರ್ ಆಗೂತನಕ ಏಳಂಗಿಲ್ಲ ಅಂತಾಳ.”

ನಾನು ಸಾಹೇಬರ ಕೋಣೆಗೆ ಹೋದೆ. ಅವರು ಕೇಳಿಸಿಕೊಂಡು, “ಭಾಲ್ಕಿಯಿಂದ ಒಂದೂ ತಕರಾರು ಬಂದಿಲ್ಲಲ್ಲ, ಔರಾದಕ್ಕೇ ಯಾಕ?” ಎಂದರು.

“ಭಾಲ್ಕಿದಾಗ ಇವತ್ತ ಲೈನ್ ಹೋಗಿಲ್ಲರಿ ಸಾಹೇಬ್ರ. ಹೋಗಿದ್ರ ಅಲ್ಲೂ ಇದೇ ಆಗ್ತಿತ್ತು.”

“ಒಂದ್ ಕೆಲಸ ಮಾಡ್ರಿ. ಆಪರೇಟರ್ ತಪ್ಪಿನಿಂದ ಹಿಂಗಾಯ್ತು ಅಂತ ಬರದು ಸಹಿ ಮಾಡ್ರಿ. ನಾ ಮ್ಯಾಲ ಮಾತಾಡಿ ಒಂದಿನ ಹೆಚ್ಚು ತಗೋತೀನಿ.”

ಒಂದು ದಿನ ಹೆಚ್ಚು ಸಿಕ್ಕು ಏನು ಮಾಡುವುದು? ಲಾರಿಗೆ ನಮ್ಮ ಕಚೇರಿಯ ಪಂಚಾಂಗ ಗೊತ್ತಿತ್ತೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಆ ಕಾಗದವನ್ನು ನಾನು ಬರೆಯಲಿಲ್ಲ. ಅವರ ಮೇಜಿನ ಮೇಲಿನ ಬಿಳಿ ಹಾಳೆ ತೆಗೆದುಕೊಂಡು ನಿಂತಲ್ಲೇ ಕನ್ನಡದಲ್ಲಿ ಬರೆದೆ: ‘ತಪ್ಪು ಆಪರೇಟರದಲ್ಲ. ತಿಳಿಯುವ ಮಾತಿನಲ್ಲಿ ಹೇಳದೆ ಬದಲಾಯಿಸಿದ್ದು ನಾವು.’ ಸಹಿ ಹಾಕಿದೆ. ಕೆಳಗೆ ಅರ್ಧ ದಿನದ ರಜೆಯನ್ನೂ ಬರೆದೆ. ಅದನ್ನೋದಿ ಸಾಹೇಬರು, “ಗುತ್ತಿಗಿ ಮುಂದಿನ ತಿಂಗಳ ಮುಗಿತದ, ನೆನಪದ ಇಲ್ಲೋ?” ಎಂದರು.

“ನೆನಪದರಿ,” ಎಂದು ಹೊರಬಿದ್ದೆ. ಮುಂದಿನ ತಿಂಗಳು ಗುತ್ತಿಗೆ ಮುಗಿದದ್ದು ಮುಗಿದೇ ಹೋಯಿತು, ಮತ್ತೆ ಕರೆಯಲು ಅವರಿಗೆ ಬೇಸಿಗೆಯವರೆಗೆ ಹಿಡಿಯಿತು. ಅದಕ್ಕಾಗಿ ನಾನು ಒಂದು ದಿನವೂ ಅತ್ತಿಲ್ಲ. ಅತ್ತರೆ ಅವರಿಗೆ ಖುಷಿಯಾಗುತ್ತಿತ್ತು.

ಔರಾದದ ಬಸ್ಸು ಜನವಾಡ ದಾಟುವಾಗ ಇಡೀ ಬಸ್ಸನ್ನು ನಾನೇ ತಳ್ಳಿಕೊಂಡು ಹೋಗುತ್ತಿದ್ದೇನೆ ಅನ್ನಿಸಿತು. ಎರಡೂ ಬದಿಯ ಹೊಲಗಳಲ್ಲಿ ತೊಗರಿ ಮೊಣಕಾಲುದ್ದಕ್ಕೇ ಒಣಗಿತ್ತು. ಔರಾದ ಮುಟ್ಟಿದಾಗ ಎರಡೂವರೆ.

ಕಚೇರಿಯ ಹೊಸ್ತಿಲ ಮೇಲೆ ಆ ತಾಯಿ ಕೂತೇ ಇದ್ದಳು. ತೊಡೆಗೆ ಒರಗಿ ಹನ್ನೊಂದು ಹನ್ನೆರಡರ ಮಗಳು. ಎದುರಿಗೆ ರಸ್ತೆಯಾಚೆ ಲಾರಿ ನಿಂತಿತ್ತು, ಅದರಲ್ಲಿ ಪಾತ್ರೆ, ಹಾಸಿಗೆ, ಜನ ಎಲ್ಲ ಏರಿಯಾಗಿತ್ತು. ಜನರನ್ನು ಕರೆದೊಯ್ಯುವ ಮುಕಾದಮ ಐದು ನಿಮಿಷಕ್ಕೊಮ್ಮೆ ಬಂದು ಬೈದು ಹೋಗುತ್ತಿದ್ದ. ಆಕೆ ಅವನ ಕಡೆ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಆ ಗಟ್ಟಿತನ ಕಂಡು ನನಗೆ ಸಾಹೇಬರ ಎದುರಿನ ನನ್ನ ಧೈರ್ಯ ಬಲು ಚಿಕ್ಕದೆನಿಸಿತು.

ನಾನು ಆಪರೇಟರ ಪಕ್ಕದಲ್ಲಿ ಕೂತು ನೀಲಿ ಬಟನ್ ಒತ್ತಿಸಿದೆ. ಹುಡುಗಿಯ ಅರ್ಜಿ ಬೆಳಿಗ್ಗೆ ನಿಂತಲ್ಲೇ ನಿಂತಿತ್ತು, ಹೆಸರು, ಊರು, ತರಗತಿ ಎಲ್ಲ ಸಹಿತ. ಆಪರೇಟರು ಬಾಯಿಗೆ ಸೆರಗು ಹಿಡಿದರು. “ಅಯ್ಯ, ಇದು ಇಲ್ಲೇ ಕುಂತದಲ್ಲ! ನಾ ಸುಮ್ನ ಬೈಸ್ಕೊಂಡೆ.”

ತಾಯಿ ಮಾತ್ರ ನಂಬಲಿಲ್ಲ. “ಎರಡ್ ಸಲ ಬರೆಸೀನಿ, ಎರಡ್ ಸಲ ಹೋಗ್ಯಾದ. ನಾ ಹೋದ ಮ್ಯಾಲ ಲೈನ್ ಹೋದ್ರ? ಕಬ್ಬಿನಾಗ ನನಗ ಯಾರ್ ಹೇಳ್ತಾರ?”

ಮಾತಿನಿಂದ ಆಗುವ ಕೆಲಸವಲ್ಲ ಅದು. ನಾನು ಬಗ್ಗಿ ಗೋಡೆಯಲ್ಲಿದ್ದ ಲೈನಿನ ತಂತಿಯನ್ನು ಕಿತ್ತುಬಿಟ್ಟೆ. ಆಪರೇಟರು ಚೀರಿದರು, ಪಾಳಿಯಲ್ಲಿ ನಿಂತವರೆಲ್ಲ ನನ್ನನ್ನು ಹೊಡೆಯುವ ಹಾಗೆ ನೋಡಿದರು. ಪರದೆ ಖಾಲಿಯಾಯಿತು. ಕಿತ್ತ ತುದಿಯನ್ನು ಆ ತಾಯಿಗೆ ತೋರಿಸಿ, ಮತ್ತೆ ಸಿಕ್ಕಿಸಿ, ನೀಲಿ ಬಟನ್ ಒತ್ತಿದೆ. ಲೈನ್ ಸೇರುವವರೆಗೆ ಎಲ್ಲರೂ ಪರದೆಗೇ ಮುಖ ಹಚ್ಚಿದರು. ನಾನು ಕೂಡ. ಪಟ್ಟಿಯಲ್ಲಿ ಏನೇ ಬರೆದಿರಲಿ, ಔರಾದದ ಲೈನಿನಲ್ಲೂ ಅದು ನಡೆಯುತ್ತದೆಂದು ಆಣೆ ಮಾಡಿ ಹೇಳಿದವರು ಯಾರೂ ಇರಲಿಲ್ಲ.

ಹೆಸರು ಬಂತು. ತಾಯಿ ಎದ್ದಳು. ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿ ಯಂತ್ರದ ಮೇಲಿಟ್ಟಳು. ಹಸಿರು ದೀಪ ಹತ್ತಿತು. ಇನ್ನು ಉಳಿದದ್ದು ಕಡೆಯ ಬಟನ್ ಒಂದೇ.

ಆಗ ಆ ಹುಡುಗಿ ಬಾಯಿ ತೆರೆದಳು. ಬಂದಾಗಿನಿಂದ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

“ಅಕ್ಕಾ, ಅದನ್ನ ಅಳಿಸ್ರಿ. ನಾ ಇಲ್ಲಿ ಇರಂಗಿಲ್ಲ. ಅವ್ವನ ಕೂಡ ಹೋಗ್ತೇನಿ.”

ಅವಳು ಅಳಲಿಲ್ಲ, ನನ್ನ ಮಣಿಕಟ್ಟು ಹಿಡಿದುಕೊಂಡಳು, ಹೊಲದ ಕೆಲಸ ಬಲ್ಲ ಹಿಡಿತ ಅದು. ಬೆಳಗಿನಿಂದ ಸಾಹೇಬರ ಮೇಲೆ, ಇಂಗ್ಲಿಷ್ ಪಟ್ಟಿಯ ಮೇಲೆ, ಬಸ್ಸಿನ ಮೇಲೆ ಸಿಟ್ಟಾಗಿ ಬಂದವಳು ನಾನು. ಈ ಕೈಯ ಮೇಲೆ ಹ್ಯಾಗೆ ಸಿಟ್ಟಾಗಲಿ? ನಾನು ತಾಯಿಯ ಮುಖ ನೋಡಿದೆ. ಆಕೆ ಮಗಳನ್ನು ನೋಡದೆ ಪರದೆಯನ್ನೇ ನೋಡುತ್ತಿದ್ದಳು.

“ಒತ್ರಿ ಅಕ್ಕಾ,” ಎಂದಳು.

ಹುಡುಗಿ ಕೈ ಬಿಡಲಿಲ್ಲ. ಅವಳ ಕೈ ನನ್ನ ಕೈ ಮೇಲಿದ್ದಂತೆಯೇ ನಾನು ಒತ್ತಿದೆ.