ಸಾವಿರ ನಿಮಿಷ ಎಣಿಸಿದ ನೀರು

ಬೆಳಗಿನ ಆರು ಗಂಟೆ. ಪ್ರಯೋಗಾಲಯದ ಮೂಲೆಯ ಸೀಸದ ಪೆಟ್ಟಿಗೆಯೊಳಗೆ ಒಂದು ಶಾಲೆಯ ಕೊಳವೆಬಾವಿಯ ನೀರಿದೆ, ಪಕ್ಕದಲ್ಲಿ ಎಣಿಕೆಯ ಯಂತ್ರ. ಸ್ಟೂಲ್ ಮೇಲೆ ಕೂತ ತಂತ್ರಜ್ಞೆ ಮಾತ್ರ ಅಂಕಿಗಳಿಗೆ ಬೆನ್ನು ಹಾಕಿದ್ದಾರೆ. "ನೋಡ್ತಾ ಕೂತ್ರೆ ಆಸೆ ಹುಟ್ಟುತ್ತೆ. ಸಾವಿರ ನಿಮಿಷ ಅಂತ ಮೊದಲೇ ಬರೆದಿಟ್ಟಿದೀನಿ. ಅಲ್ಲೀವರೆಗೂ ತಿರುಗಲ್ಲ" ಎಂದು, ಅವರ ಕೆಲಸ ನೋಡಲು ಬಂದ ನನಗೆ ಹೇಳುತ್ತಾರೆ. ಇನ್ನು ನಲವತ್ತು ನಿಮಿಷ ಬಾಕಿ.

ನೆಲದ ಕಲ್ಲಿನಿಂದ ನೀರಿಗಿಳಿದ ವಿಕಿರಣವನ್ನು ಎಣಿಸುವುದು ಇವರ ಇಪ್ಪತ್ತಾರು ವರ್ಷದ ಕೆಲಸ. ದಿನಕ್ಕೆ ಹದಿನಾಲ್ಕು ಬಾಟಲಿ. ಕೇಳಲು ಬಂದವರಿಗೆ ಒಂದೇ ಅಂಕಿ ಬೇಕು. ಇವರೋ ಪಕ್ಕದಲ್ಲಿ 'ಇಷ್ಟು ಹೆಚ್ಚುಕಮ್ಮಿ' ಎಂದು ಬರೆಯದೆ ಕಾಗದ ಕೊಡುವವರಲ್ಲ. ಹಾಗಾಗಿ ಸಹೋದ್ಯೋಗಿಗಳಿಗೆ ಇವರು 'ಹೆಚ್ಚುಕಮ್ಮಿ ಮೇಡಂ'. "ಅನುಮಾನ ಇದ್ರೆ ಎಣಿಸೋದ್ಯಾಕಮ್ಮ?" ಎಂದು ಮೇಲಧಿಕಾರಿ ಒಮ್ಮೆ ಗದರಿದ್ದರಂತೆ. ಪಾಪ, ಅವರಿಗೂ ಮೇಲಿನವರ ಕಾಟ.

"ಗಡಿಯಾರ ನೋಡ್ಕೊಂಡು ಒಡೆಯುತ್ತಾ ಸಾರ್ ಪರಮಾಣು? ನಾನೂರು ಎಣಿಸಿದ್ರೆ ಇಪ್ಪತ್ತು ಆಚೀಚೆ ಆಗೋದೇ. ಹುಟ್ಟುಗುಣ ಸುಟ್ರೂ ಹೋಗಲ್ಲ" ಎಂದಿದ್ದರಂತೆ ಇವರು.

ಈ ಸಲದ ನೀರು ಮಾತ್ರ ಇವರ ನಿದ್ದೆ ಕೆಡಿಸಿದೆ. ಆ ಶಾಲೆಯ ಮುಖ್ಯೋಪಾಧ್ಯಾಯಿನಿ ಇವರ ಸ್ವಂತ ಅಕ್ಕ. ಆರು ವರ್ಷ ಕಚೇರಿಗಳಿಗೆ ಅಲೆದು, ಚಪ್ಪಲಿ ಸವೆಸಿ ಕೊರೆಸಿದ ಬಾವಿ ಅದು. ಯಂತ್ರದ ಎಣಿಕೆ ಹತ್ತು ನಿಮಿಷಕ್ಕೆ ನಾನೂರು ದಾಟಿದರೆ ನೀರು ಕುಡಿಯುವಂತಿಲ್ಲ. ಮೊದಲ ಸಲ ಬಂದದ್ದು 412. ಮತ್ತೆ ಎಣಿಸಿದರು, 421. ಮತ್ತೆ, 405. ನಾಲ್ಕನೆಯದು 389.

"ಪೆನ್ನು ಕೈಗೆ ಬಂದೇಬಿಟ್ಟಿತ್ತು. 389 ನಾನು ಕಟ್ಟಿದ ಅಂಕಿಯೇನಲ್ಲ, ಯಂತ್ರವೇ ಕೊಟ್ಟಿದ್ದು. ಆದ್ರೆ ಬೇಕಾದ್ದು ಬರೋವರೆಗೂ ಎಣಿಸಿ, ಬಂದ ಕೂಡ್ಲೇ ನಿಲ್ಲಿಸಿದ್ರೆ ಎಣಿಸಿದ್ದಕ್ಕೇನು ಅರ್ಥ?"

ನಾಲ್ಕನ್ನೂ ಕೂಡಿಸಿ, 'ಇನ್ನೂ ಹೇಳಲಾಗದು' ಎಂದು ಬರೆದು, ಸಾವಿರ ನಿಮಿಷಕ್ಕೆ ಅನುಮತಿ ಪಡೆದರು. ಹೆಚ್ಚು ಹೊತ್ತು ಎಣಿಸಿದಷ್ಟೂ ಅನುಮಾನದ ಪಾಲು ಕುಗ್ಗುತ್ತದೆ. ಈಗ ಹೊತ್ತು ನೂರು ಪಟ್ಟು, ಹಾಗಾಗಿ ಮಿತಿ ನಲವತ್ತು ಸಾವಿರ, ಆಚೀಚೆ ಬರೀ ಇನ್ನೂರು. ಅಕ್ಕ ಮಾತ್ರ ಸಿಡುಕಿದ್ದರು: "ಒಂದು ಅಂಕಿ ಬರೆಯಕ್ಕೆ ನಿಂಗೇನೇ ಕಷ್ಟ?"

ಯಂತ್ರ ಸದ್ದು ಮಾಡಿ ನಿಲ್ಲುತ್ತದೆ. ತಿರುಗಿ ನೋಡುತ್ತಾರೆ: 40,930. ಇನ್ನು ಅನುಮಾನಕ್ಕೆ ಎಡೆಯಿಲ್ಲ. ಅವರ ಕಣ್ಣು ತುಂಬುತ್ತದೆ. ಆದರೂ ತಡಮಾಡದೆ ಫೋನ್ ಎತ್ತುತ್ತಾರೆ.

"ಅಕ್ಕಾ, ಜಾಸ್ತಿನೇ ಇದೆ ಕಣೇ. ಆ ನೀರು ಬೇಡ."

ಆ ಕಡೆಯಿಂದ ನನಗೂ ಕೇಳುವಂತೆ ದನಿ ಬರುತ್ತದೆ: "ಇವತ್ತೇ ಪಂಪಿಗೆ ಬೀಗ ಹಾಕಿಸ್ತೀನಿ. ನೀನು ಹೇಳಿದ್ಮೇಲೆ ಇನ್ಯಾರನ್ನ ಕೇಳ್ಲಿ?"

ಫೋನ್ ಇಟ್ಟು ತಂತ್ರಜ್ಞೆ ಮೂಗು ಒರೆಸಿಕೊಳ್ಳುತ್ತಾರೆ. "389 ಅಂತ ಬರೆದಿದ್ರೆ, ಈ ಮಾತು ಕೇಳೋ ಮುಖ ಇರ್ತಿರ್ಲಿಲ್ಲ ನಂಗೆ."